ಅಕ್ಕನ ಪ್ರತಿಮೆಗಿಂತ ಮೊದಲು ಲೈಬ್ರರಿ ಬಾಗಿಲು ತೆಗೆಸಿ: ನಮ್ಮ ಪಟ್ಟಣ ಪಂಚಾಯಿತಿಗೆ ಬಹಿರಂಗ ಪತ್ರ

ಪಟ್ಟಣ ಪಂಚಾಯಿತಿಯ ಅಧ್ಯಕ್ಷರಿಗೆ, ಸದಸ್ಯರಿಗೆ, ಮುಖ್ಯಾಧಿಕಾರಿಗಳಿಗೆ, ಜೊತೆಗೆ ನಮ್ಮ ಊರಿನ ಎಲ್ಲ ಓದುಗರಿಗೆ,

ನಮಸ್ಕಾರ.

ಬಸ್ ಸ್ಟ್ಯಾಂಡ್ ಪಕ್ಕದ ಸರ್ಕಲ್ಲಿಗೆ ನಮ್ಮ ಲೈಬ್ರರಿ ಅಕ್ಕನ ಹೆಸರಿಡುತ್ತೇವೆ, ಅಲ್ಲೊಂದು ಪ್ರತಿಮೆಯನ್ನೂ ನಿಲ್ಲಿಸುತ್ತೇವೆ ಎಂದು ಶ್ರದ್ಧಾಂಜಲಿ ಸಭೆಯಲ್ಲಿ ನೀವು ಹೇಳಿದಿರಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯ ಠರಾವಿಗೆ ಬರುತ್ತದಂತೆ. ಒಬ್ಬ ಲೈಬ್ರರಿ ನೌಕರಳಿಗೆ ಊರು ಇಷ್ಟು ಮರ್ಯಾದೆ ಕೊಡುವುದು ಎಲ್ಲ ಕಡೆ ಆಗುವ ಮಾತಲ್ಲ. ಅದಕ್ಕೆ ನಿಮಗೆ ವಂದನೆ ಹೇಳಲೇಬೇಕು. ಆದರೆ ಠರಾವು ಮಾಡುವ ಮೊದಲು ಈ ಪತ್ರ ಓದಿ ಎಂದು ಕೇಳಿಕೊಳ್ಳುತ್ತೇನೆ.

ಅಕ್ಕ ತೀರಿಕೊಂಡ ಮೇಲೆ ನಮ್ಮ ಲೈಬ್ರರಿ ವಾರಕ್ಕೆ ಎರಡೇ ದಿನ ತೆರೆಯುತ್ತಿದೆ. ಅದೂ ಹನ್ನೊಂದರಿಂದ ಎರಡರವರೆಗೆ. ಆ ಹೊತ್ತಿನಲ್ಲಿ ಮಕ್ಕಳು ಶಾಲೆಯಲ್ಲಿರುತ್ತಾರೆ, ದುಡಿಯುವವರು ಕೆಲಸದಲ್ಲಿರುತ್ತಾರೆ. ಅಕ್ಕ ಯಾರಿಗಾಗಿ ಜೀವ ತೇಯ್ದರೋ ಅವರೆಲ್ಲರಿಗೂ ಬಾಗಿಲು ಮುಚ್ಚಿದೆ. ಮೊದಲು ಆ ಬಾಗಿಲು ತೆಗೆಸಿ. ನಾನು ಕೇಳುತ್ತಿರುವುದು ಇಷ್ಟೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಯವರಿಗೆ ಅದು ಇಷ್ಟವಿಲ್ಲ. ಹೇಗೂ ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಪುಟ್ಟ ಮಕ್ಕಳಿಂದ ಹಿಡಿದು ಅಡಿಕೆ ಮಂಡಿಯ ಹಿರಿಯರವರೆಗೆ ಎಲ್ಲರಿಗೂ ಅವರು ಲೈಬ್ರರಿ ಅಕ್ಕ.

ಅಕ್ಕ ಈ ಕಟ್ಟಡಕ್ಕೆ ಮೊದಲು ಬಂದಿದ್ದು ದಿನಗೂಲಿಗೆ. ಕಸ ಗುಡಿಸುವುದು, ಕೊಡದಲ್ಲಿ ನೀರು ತುಂಬುವುದು, ಪೇಪರ್ ಸ್ಟ್ಯಾಂಡಿಗೆ ಅಂದಿನ ಪೇಪರ್ ಸಿಕ್ಕಿಸುವುದು, ಇಷ್ಟೇ ಕೆಲಸ. ಓದಿದ್ದು ಎಸ್ಸೆಸ್ಸೆಲ್ಸಿ. ಲೈಬ್ರರಿಯಲ್ಲೇ ಕೂತು ಓದಿ ಪಿಯುಸಿ ಕಟ್ಟಿ ಪಾಸಾದರು. ಆಮೇಲೆ ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್ ಕೋರ್ಸ್ ಮಾಡಿದರು. ಕೆಲಸ ಕಾಯಂ ಆಗುವಷ್ಟರಲ್ಲಿ ತಲೆಗೂದಲು ಬೆಳ್ಳಗಾಗಿತ್ತು. ಈ ಕಥೆ ನಿಮಗೆಲ್ಲ ಗೊತ್ತಿರುವುದೇ, ಹಾಗಾಗಿ ಇದನ್ನು ಬೆಳೆಸುವುದಿಲ್ಲ. ಗೊತ್ತಿಲ್ಲದ್ದು, ಅಥವಾ ಗೊತ್ತಿದ್ದೂ ನಾವು ಮರೆಯುತ್ತಿರುವುದು, ಅವರು ಆ ಕೋಣೆಯೊಳಗೆ ಏನು ಮಾಡಿದರು ಅನ್ನುವುದು.

ಮೊದಲು ಬೀರುಗಳ ವಿಷಯ. ನೀವು ಯಾವ ಊರಿನ ಸರ್ಕಾರಿ ಲೈಬ್ರರಿಗಾದರೂ ಹೋಗಿ ನೋಡಿ. ಗಾಜಿನ ಬೀರು, ಅದಕ್ಕೊಂದು ಬೀಗ, ಒಳಗೆ ಹೊಸ ಪುಸ್ತಕ. ಮೇಜಿನ ಮೇಲೆ ಪೇಪರ್ ಮಾತ್ರ. ಓದುಗರ ಮೇಲೆ ಸಿಟ್ಟಿದ್ದು ಯಾರೂ ಹೀಗೆ ಮಾಡುವುದಿಲ್ಲ. ಹೆದರಿಕೆ. ಸ್ಟಾಕ್ ವೆರಿಫಿಕೇಶನ್ ಮಾಡುವಾಗ ಪುಸ್ತಕ ಕಮ್ಮಿ ಬಂದರೆ ದುಡ್ಡು ತನ್ನ ತಲೆಗೆ ಬರುತ್ತದೆ ಅನ್ನುವ ಹೆದರಿಕೆ. ಸಣ್ಣ ಸಂಬಳದವರು ಬೀಗ ಹಾಕಿ ಕೂರದೆ ಇನ್ನೇನು ಮಾಡಿಯಾರು?

ಅಕ್ಕ ಆ ಬೀಗ ತೆಗೆದರು. ಕೆಳಗಿನ ಎರಡು ಸಾಲು ಮಕ್ಕಳ ಕೈಗೆ ಸಿಗುವ ಹಾಗೆ ಜೋಡಿಸಿದರು. ಪುಸ್ತಕದ ಬೆನ್ನಿಗೆ ನಂಬರ್ ಬರೆಯುವ ಶಾಸ್ತ್ರವೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ಪುಸ್ತಕಗಳನ್ನು ವಿಷಯದ ಪ್ರಕಾರ ವಿಂಗಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಅಂತ ಅವರೇ ನಮಗೆ ಹೇಳಿಕೊಟ್ಟಿದ್ದು. ಆದರೆ ಬಾಗಿಲ ಹತ್ತಿರದ ಬೀರುವಿನಲ್ಲಿ ಆ ನಂಬರ್ ನಡೆಯುತ್ತಿರಲಿಲ್ಲ. ಅಲ್ಲಿ ಬೋರ್‌ವೆಲ್, ತೆಂಗಿನ ರೋಗ, ಹಸುವಿನ ಕೆಚ್ಚಲು ಬಾವು, ಪಹಣಿ ತಿದ್ದುಪಡಿ, ಹೆರಿಗೆ, ಬಾಣಂತಿ ಆರೈಕೆ, ಎಲ್ಲ ಒಟ್ಟಿಗೆ ಇರುತ್ತಿದ್ದವು. ಸಂತೆಯ ದಿನ ಹಳ್ಳಿಯಿಂದ ಬಂದವರಿಗೆ ಬಸ್ಸಿಗೆ ಹತ್ತು ನಿಮಿಷ ಇರುತ್ತೆ, ಅವರು ಹುಡುಕ್ತಾ ನಿಲ್ಲೋಕಾಗಲ್ಲ ಅನ್ನುತ್ತಿದ್ದರು.

ಅಕ್ಕನ ನಿವೃತ್ತಿಯ ಹೊತ್ತಿಗೆ ಕಚೇರಿಯವರು ಲೆಕ್ಕ ನೋಡಿದರು. ಇಷ್ಟು ವರ್ಷಗಳಲ್ಲಿ ಕಳೆದುಹೋದ ಪುಸ್ತಕಗಳ ದುಡ್ಡನ್ನು ಅವರಿಗೆ ಬರಬೇಕಾದ ಹಣದಲ್ಲಿ ಮುರಿದುಕೊಂಡರು. ಯಾವ ಕಚೇರಿ, ಯಾರು ಸಹಿ ಹಾಕಿದರು ಎಂದು ಇಲ್ಲಿ ಬರೆಯುವುದಿಲ್ಲ. ಅವರೂ ನಿಯಮ ನೋಡಿಯೇ ಮಾಡಿರಬಹುದು. ನನಗೆ ಹೊಟ್ಟೆ ಉರಿಯುವುದು ನಿಯಮದ ಬಗ್ಗೆಯೇ. ಕೇಂದ್ರ ಸರ್ಕಾರದ ಕಚೇರಿಗಳಿಗೆ ಇರುವ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಒಂದು ಒಳ್ಳೆಯ ಮಾತಿದೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದನ್ನು ಸಹಜ ನಷ್ಟ ಅಂತ ತಿಳಿಯಬೇಕು, ಅದರಲ್ಲಿ ಮೋಸ ಅಥವಾ ನಿರ್ಲಕ್ಷ್ಯ ಇರಬಾರದು, ಅಷ್ಟೇ. ಸಾವಿರ ರೂಪಾಯಿಗಿಂತ ಜಾಸ್ತಿ ಬೆಲೆಯ ಪುಸ್ತಕ ಅಥವಾ ಅಪರೂಪದ ಪುಸ್ತಕ ಹೋದರೆ ಮಾತ್ರ ತನಿಖೆ ಆಗಲೇಬೇಕು. ಎಷ್ಟು ನ್ಯಾಯವಾದ ಮಾತು ಅಲ್ವಾ? ವರ್ಷಕ್ಕೆ ಹತ್ತು ಸಾವಿರ ಪುಸ್ತಕ ಓದುಗರ ಕೈಗೆ ಹೋದರೆ ಐವತ್ತು ವಾಪಸ್ ಬರದಿರಬಹುದು, ಅದು ಲೈಬ್ರರಿ ಬದುಕಿದೆ ಅನ್ನುವುದರ ಗುರುತು. ಈ ನಿಯಮ ನಮ್ಮ ಊರಿನ ಲೈಬ್ರರಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಇಂಥದ್ದೇ ಒಂದು ರಕ್ಷಣೆ ನಮ್ಮ ಲೈಬ್ರರಿ ನೌಕರರಿಗೂ ಖಚಿತವಾಗಿ ಸಿಗಬೇಕು, ಅದನ್ನು ಮೇಲಿನವರಿಗೆ ಬರೆದು ಕೇಳುವ ಹಕ್ಕು ನಿಮ್ಮ ಸಭೆಗೆ ಇದೆ. ಬೀಗ ತೆಗೆದವರಿಗೆ ದಂಡ, ಹಾಕಿಕೊಂಡು ಕೂತವರಿಗೆ ನೆಮ್ಮದಿ. ಹೀಗಾದರೆ ಮುಂದೆ ಬರುವವರು ಏನು ಕಲಿಯುತ್ತಾರೆ?

ಇನ್ನೊಂದು, ಶೌಚಾಲಯ. ಇದನ್ನು ಹೇಳಲು ಸಭೆಯಲ್ಲಿ ಎಲ್ಲರೂ ಸಂಕೋಚಪಟ್ಟರು. ನಾನು ಬಿಡಿಸಿಯೇ ಬರೆಯುತ್ತೇನೆ.

ನಾವು ಚಿಕ್ಕವರಿದ್ದಾಗ ಲೈಬ್ರರಿ ಅಂದರೆ ಗಂಡಸರ ಜಾಗ. ಬೆಳಿಗ್ಗೆ ಪೇಪರ್ ಓದುವ ಹಿರಿಯರು, ಸಂಜೆ ಕೆಲಸದ ಜಾಹೀರಾತು ನೋಡುವ ಹುಡುಗರು. ಹೆಣ್ಣುಮಕ್ಕಳು ಬಂದರೂ ಪುಸ್ತಕ ತೆಗೆದುಕೊಂಡು ಬಾಗಿಲಿಂದಲೇ ಓಡುತ್ತಿದ್ದೆವು. ಅಕ್ಕ ಒಂದು ದಿನ ನನ್ನನ್ನು ನಿಲ್ಲಿಸಿ, ಯಾಕೆ ಕೂರಲ್ಲ ಎಂದು ಕೇಳಿದರು. ನಾನು ಏನೋ ನೆಪ ಹೇಳಿದೆ. ಅವರಿಗೆ ಅರ್ಥವಾಯಿತು. ಪಿಯುಸಿ ಓದುವ ಹುಡುಗಿ ನಾಲ್ಕು ಗಂಟೆ ಕೂತು ಓದಬೇಕೆಂದರೆ ಒಂದು ಶೌಚಾಲಯ ಬೇಕು. ಆ ಕಟ್ಟಡದಲ್ಲಿ ಇರಲಿಲ್ಲ. ಗಂಡಸರು ಹಿಂದಿನ ಗೋಡೆಯ ಕಡೆ ಹೋಗುತ್ತಿದ್ದರು.

ಅರ್ಜಿ ಕೊಟ್ಟರು. ಮತ್ತೆ ಕೊಟ್ಟರು. ಕೊನೆಗೆ ಅಂಗಡಿ ಅಂಗಡಿಗೆ ಹೋದರು. ಹಾರ್ಡ್‌ವೇರ್ ಅಂಗಡಿಯವರು ಸಿಮೆಂಟ್ ಕೊಟ್ಟರು. ಇಟ್ಟಿಗೆ ಗೂಡಿನವರು ಇಟ್ಟಿಗೆ ಇಳಿಸಿದರು. ಬೇಸಿನ್, ಪೈಪು ಹಳೆಯ ಮನೆ ಕೆಡವಿದವರಿಂದ ಬಂತು. ಗಾರೆ ಕೆಲಸದವರೊಬ್ಬರು ಭಾನುವಾರಗಳಲ್ಲಿ ಬಂದು ಕಟ್ಟಿಕೊಟ್ಟರು, ಅವರ ಮಗಳು ಆಗ ಅಲ್ಲೇ ಓದುತ್ತಿದ್ದಳು. ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಅಕ್ಕ ತಮ್ಮ ಮೇಜಿನ ಪಕ್ಕದ ಮೊಳೆಗೆ ತಗುಲಿಸಿದರು. ಕೀಲಿಗೆ ಒಂದು ಉದ್ದ ಕೆಂಪು ರಿಬ್ಬನ್. ಯಾವ ಹುಡುಗಿಯೂ ಕೇಳಬೇಕಾಗಿರಲಿಲ್ಲ. ಎದ್ದು ಬಂದು ಸುಮ್ನೆ ತೆಗೆದುಕೊಂಡು ಹೋಗುವುದು, ವಾಪಸ್ ತಂದು ತಗುಲಿಸುವುದು. ಆ ವರ್ಷದಿಂದ ಕಿಟಕಿ ಪಕ್ಕದ ಉದ್ದ ಮೇಜು ಹುಡುಗಿಯರದ್ದಾಯಿತು. ಅಲ್ಲಿ ಕೂತು ಓದಿದವರು ಇವತ್ತು ನರ್ಸುಗಳಿದ್ದಾರೆ, ಗ್ರಾಮ ಲೆಕ್ಕಿಗರಿದ್ದಾರೆ, ಪೊಲೀಸ್ ಇಲಾಖೆಯಲ್ಲಿದ್ದಾರೆ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ.

ಮೊನ್ನೆ ಹೋಗಿ ನೋಡಿದೆ. ಆ ಶೌಚಾಲಯದೊಳಗೆ ರದ್ದಿ ಪೇಪರ್ ತುಂಬಿದ್ದಾರೆ. ನಲ್ಲಿ ಬತ್ತಿದೆ. ಪ್ರತಿಮೆಗೆ ಎಷ್ಟು ಖರ್ಚಾಗುತ್ತದೋ ನನಗೆ ಗೊತ್ತಿಲ್ಲ, ಆದರೆ ಅಲ್ಲಿಗೆ ನೀರು ಕೊಡಲು ಅಷ್ಟು ಬೇಕಾಗುವುದಿಲ್ಲ ಅನ್ನುವುದು ಗೊತ್ತು.

ಲೈಬ್ರರಿ ನಮ್ಮದಲ್ಲ, ಗ್ರಂಥಾಲಯ ಇಲಾಖೆಯದ್ದು ಎಂದು ನೀವು ಹೇಳಬಹುದು. ಸಭೆಯಲ್ಲಿ ಒಬ್ಬ ಸದಸ್ಯರು ಹೇಳಿದ್ದೂ ಹೌದು. ಹುದ್ದೆ ತುಂಬುವುದು ಇಲಾಖೆಯ ಕೆಲಸ, ಒಪ್ಪುತ್ತೇನೆ. ಆದರೆ ನಾವು ನಿಮ್ಮ ಕಚೇರಿಯಲ್ಲಿ ಕಂದಾಯ ಕಟ್ಟುವಾಗ ಅದರ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಎಂದು ವಸೂಲಿ ಮಾಡುತ್ತೀರಿ. ರಾಜ್ಯದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು, 1966ರ ನವೆಂಬರ್ 1ರಿಂದ ಜಾರಿಯಾಯಿತು. ಈ ಕರಕ್ಕೆ ಅದೇ ಆಧಾರ. ಸ್ಥಳೀಯ ಸಂಸ್ಥೆ ವಸೂಲಿ ಮಾಡಬೇಕು, ಗ್ರಂಥಾಲಯ ಪ್ರಾಧಿಕಾರಕ್ಕೆ ಕಟ್ಟಬೇಕು. ಬೆಂಗಳೂರಿನಂಥ ಊರಿನಲ್ಲೇ ಈ ಕರದ ಬಾಕಿ ನೂರಾರು ಕೋಟಿ ಅಂತ ಪೇಪರಿನಲ್ಲಿ ಮತ್ತೆ ಮತ್ತೆ ಬಂದಿದೆ. ನಮ್ಮ ಊರಿನ ಲೆಕ್ಕ ಏನಿದೆ? ವರ್ಷಕ್ಕೆ ಎಷ್ಟು ವಸೂಲಾಯಿತು, ಎಷ್ಟು ಕಟ್ಟಿದಿರಿ ಅನ್ನುವುದನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿ. ಆರೋಪ ಮಾಡಬೇಕೆಂದು ಇದನ್ನು ಕೇಳುತ್ತಿಲ್ಲ. ಲೆಕ್ಕ ಕಣ್ಣಿಗೆ ಕಂಡರೆ ಊರಿನವರು ನಿಮ್ಮ ಜೊತೆ ನಿಂತು ಇಲಾಖೆಯನ್ನು ಕೇಳುತ್ತಾರೆ.

ಈ ಕರದ ಬಗ್ಗೆ ನನಗೆ ಹೇಳಿಕೊಟ್ಟಿದ್ದೂ ಅಕ್ಕನೇ. ಹೊಸದಾಗಿ ಬಂದ ಒಬ್ಬ ಹುಡುಗ ಬಾಗಿಲಲ್ಲೇ ನಿಂತಿದ್ದ. ಅವನ ತಾಯಿ ತರಕಾರಿ ಗಾಡಿ ಇಟ್ಟುಕೊಂಡವರು. ಒಳಗೆ ಬರಲು ಅವನಿಗೆ ಹಿಂಜರಿಕೆ. ಅಕ್ಕ ಡ್ರಾಯರಿನಿಂದ ಒಂದು ಹಳೆಯ ಕಂದಾಯದ ರಸೀದಿ ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. "ನೋಡು, ನೀವಿರೋ ಮನೆ ಓನರು ಕಂದಾಯ ಕಟ್ತಾರೆ. ಆ ದುಡ್ಡು ನಿಮ್ಮಮ್ಮ ಕೊಡೋ ಬಾಡಿಗೆಯಿಂದ್ಲೇ ಹೋಗೋದು. ಇಲ್ಲಿ ಕೂರೋಕೆ ಯಾರ ಅಪ್ಪಣೆನೂ ಬೇಡ ನಿಂಗೆ. ಬಾ ಒಳಗೆ" ಅಂದರು. ಹುಡುಗ ಬಂದು ಕೂತ. ಸರ್ಕಾರಿ ಕಟ್ಟಡದೊಳಗೆ ಬಡವರ ಮಕ್ಕಳಿಗೆ ಹೀಗೆ ಹೇಳುವವರು ಎಷ್ಟು ಜನ ಸಿಗುತ್ತಾರೆ?

ಪುಸ್ತಕ ರಿಪೇರಿಯನ್ನೂ ಹೇಳದೆ ಇರಲಾರೆ. ಹರಿದದ್ದನ್ನು ಅವರು ಎಸೆಯುತ್ತಿರಲಿಲ್ಲ. ಪ್ರೆಸ್ಸಿನ ಬೈಂಡರ್ ಹತ್ತಿರ ಕಲಿತು ಬಂದಿದ್ದರು. ಮೈದಾ ಹಿಟ್ಟಿನ ಅಂಟನ್ನು ಸಣ್ಣ ಉರಿಯಲ್ಲಿ ಗಂಟಾಗದ ಹಾಗೆ ಕಾಯಿಸಬೇಕು. ಅದಕ್ಕೆ ಚೂರೇ ಚೂರು ಮೈಲುತುತ್ತ ಹಾಕಬೇಕು, ಇಲ್ಲವಾದರೆ ಹಿಟ್ಟಿನ ವಾಸನೆಗೆ ಜಿರಲೆ, ಹುಳ ಬರುತ್ತವೆ. ಅದು ವಿಷ, ಹಾಗಾಗಿ ಆ ಡಬ್ಬ ಮಕ್ಕಳ ಕೈಗೆ ಸಿಗದ ಹಾಗೆ ಮೇಲಿನ ಗೂಡಿನಲ್ಲಿ ಇರುತ್ತಿತ್ತು. ಹಾಳೆಗಳನ್ನು ತಟ್ಟಿ ಸಮ ಮಾಡಿ, ದಬ್ಬಣದಲ್ಲಿ ತೂತು ಮಾಡಿ, ದಾರ ಹೊಲಿದು, ಬೆನ್ನಿಗೆ ಕ್ಯಾಲಿಕೋ ಬಟ್ಟೆ ಅಂಟಿಸಿ, ಮೇಲೆ ಕಲ್ಲು ಹೇರಿ ರಾತ್ರಿಯಿಡೀ ಬಿಡುತ್ತಿದ್ದರು. ಕಲ್ಲು ಅಂದರೆ ನಿಜವಾಗಿಯೂ ಕಲ್ಲು, ಹಳೆಯ ಒರಳಿನ ಗುಂಡು. ರಜೆಯಲ್ಲಿ ನಮಗೂ ಕಲಿಸಿದರು. ಇವತ್ತಿಗೂ ಆ ಬೀರುಗಳಲ್ಲಿ ನೀಲಿ ಬಟ್ಟೆಯ ಬೆನ್ನಿನ ಪುಸ್ತಕ ಕಂಡರೆ ಅದು ಅಕ್ಕನ ಕೈಯದ್ದೋ, ನಮ್ಮಲ್ಲಿ ಯಾರದ್ದೋ. ಅವನ್ನು ಹಳೆಯದು ಅಂತ ತೂಕಕ್ಕೆ ಹಾಕಬೇಡಿ, ದಯವಿಟ್ಟು.

ಲೈಬ್ರರಿಯ ಹೊರಗೂ ಅವರು ಊರಿಗೆ ಬೇಕಾದವರು. ವಿಧವಾ ವೇತನದ ಅರ್ಜಿ, ರೇಷನ್ ಕಾರ್ಡ್ ತಿದ್ದುಪಡಿ, ಮಾಹಿತಿ ಹಕ್ಕಿನ ಅರ್ಜಿ, ಎಲ್ಲ ಅವರೇ ಬರೆದುಕೊಡುತ್ತಿದ್ದರು. ಒಂದು ಪೈಸೆ ಮುಟ್ಟಿದವರಲ್ಲ. ಅವರ ಹತ್ತಿರ ಒಂದು ಉದ್ದ ನೋಟ್‌ಬುಕ್ ಇತ್ತು. ಊರಿನಲ್ಲಿ ರಕ್ತ ಕೊಡಲು ಒಪ್ಪಿದವರ ಹೆಸರು, ಗುಂಪು, ಫೋನ್ ನಂಬರ್ ಎಲ್ಲ ಪೆನ್ನಿನಲ್ಲಿ. ಕೊನೆಯ ಸಲ ಕೊಟ್ಟ ತಾರೀಖು ಮಾತ್ರ ಪೆನ್ಸಿಲ್ಲಿನಲ್ಲಿ. ಒಮ್ಮೆ ಕೊಟ್ಟ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕು. ಹಾಗಾಗಿ ಅಳಿಸಿ ಹೊಸದಾಗಿ ಬರೆಯುತ್ತಿದ್ದರು. ಅವಧಿ ಮುಗಿಯದವರಿಗೆ ಎಷ್ಟೇ ತುರ್ತಿದ್ದರೂ ಫೋನ್ ಮಾಡುತ್ತಿರಲಿಲ್ಲ. ಹೆರಿಗೆಗೆ ಹೋಗಿ ರಕ್ತಸ್ರಾವವಾದ ಹೆಂಗಸರಿಗೆ ಜಿಲ್ಲಾಸ್ಪತ್ರೆಯಲ್ಲಿ ಈ ನೋಟ್‌ಬುಕ್‌ನಿಂದ ರಕ್ತ ಸಿಕ್ಕಿದ ಮನೆಗಳು ನಿಮ್ಮ ವಾರ್ಡುಗಳಲ್ಲೇ ಇವೆ. ಆ ನೋಟ್‌ಬುಕ್ ಈಗ ಅವರ ಮಗನ ಹತ್ತಿರ ಇದೆ. ಯಾರಾದರೂ ಮುಂದುವರಿಸುವುದಾದರೆ ಕೊಡಲು ತಯಾರಿದ್ದಾರೆ.

2020ರ ಲಾಕ್‌ಡೌನಿನಲ್ಲಿ ಲೈಬ್ರರಿ ಮುಚ್ಚಿತ್ತು. ನಿರ್ಬಂಧ ಸ್ವಲ್ಪ ಸಡಿಲವಾಗುತ್ತಿದ್ದಂತೆ ಅಕ್ಕ ಚೀಲದಲ್ಲಿ ಪುಸ್ತಕ ಹಾಕಿಕೊಂಡು ಮನೆಮನೆಗೆ ಹೋದರು. ಗೇಟಿನ ಮೇಲೆ ಇಟ್ಟು ಕೂಗಿ ಹೇಳುವುದು, ವಾಪಸ್ ಬಂದದ್ದನ್ನು ಬಿಸಿಲಿಗೆ ಹರವುವುದು. ಅದೇ ವರ್ಷ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಲೈಬ್ರರಿಗಳಿಗೆ 'ಓದುವ ಬೆಳಕು' ಕಾರ್ಯಕ್ರಮ ಬಂತು, ಹಳ್ಳಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಅದಕ್ಕೂ ಮುಂಚೆ, 2019ರಲ್ಲಿ, ಆ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದ್ದವು. ಸುತ್ತಲಿನ ಕೆಲವು ಹಳ್ಳಿಗಳಲ್ಲಿ ಇವತ್ತು ಬಣ್ಣ ಬಳಿದ ಗೋಡೆ, ಕಂಪ್ಯೂಟರ್, ಮಕ್ಕಳ ಮೂಲೆ ಎಲ್ಲ ಇವೆ. ನೋಡಿದರೆ ಖುಷಿಯಾಗುತ್ತದೆ. ನಮ್ಮಂಥ ಸಣ್ಣ ಪಟ್ಟಣಗಳು ಮಾತ್ರ ಹಳ್ಳಿಯ ಯೋಜನೆಗೂ ಸೇರಲಿಲ್ಲ, ನಗರದ ದೊಡ್ಡ ಲೈಬ್ರರಿಯ ಸೌಲಭ್ಯವೂ ಸಿಗಲಿಲ್ಲ. ಮೊಬೈಲಿನಲ್ಲಿ ಡಿಜಿಟಲ್ ಲೈಬ್ರರಿ ಇದೆ ಎಂದು ಯಾರೋ ಹೇಳಿದರು. ಇರಲಿ, ಒಳ್ಳೆಯದೇ. ಒಂದೇ ಕೋಣೆಯಲ್ಲಿ ಐದು ಜನ ಇರುವ ಮನೆಯ ಹುಡುಗಿಗೆ ಪುಸ್ತಕದ ಜೊತೆ ಒಂದು ಕುರ್ಚಿ, ಒಂದು ದೀಪ, ಎರಡು ಗಂಟೆ ಮೌನವೂ ಬೇಕು. ಅದನ್ನು ಮೊಬೈಲು ಕೊಡುವುದಿಲ್ಲ.

ನಿವೃತ್ತಿಯಾದ ಮೇಲೂ ಅಕ್ಕ ಬರುವುದನ್ನು ಬಿಡಲಿಲ್ಲ. ಅವರ ಜಾಗಕ್ಕೆ ಯಾರೂ ಬರಲಿಲ್ಲ, ಪಕ್ಕದ ಊರಿನವರಿಗೆ ಪ್ರಭಾರ ಕೊಟ್ಟರು. ಪ್ರಭಾರದಲ್ಲಿದ್ದವರು ಒಳ್ಳೆಯವರು. ಎರಡು ಊರು ನೋಡಿಕೊಳ್ಳಲು ಆಗುವುದಿಲ್ಲ ಎಂದು ಅವರಿಗೇ ಗೊತ್ತಿತ್ತು, ಕೀಲಿಯನ್ನು ಅಕ್ಕನ ಕೈಗೆ ಕೊಟ್ಟರು. ಸಂಬಳವಿಲ್ಲದೆ, ದಿನಾ ಸಂಜೆ ನಾಲ್ಕರಿಂದ ಎಂಟು, ಕೊನೆಯ ಕಾಯಿಲೆ ಹಾಸಿಗೆ ಹಿಡಿಸುವವರೆಗೆ. ಅವರು ಇಷ್ಟು ಚೆನ್ನಾಗಿ ನಡೆಸಿದ್ದರಿಂದಲೇ ಹುದ್ದೆ ಖಾಲಿ ಇದೆ ಅನ್ನುವುದು ಯಾರ ಕಣ್ಣಿಗೂ ಬೀಳಲಿಲ್ಲ. ಒಬ್ಬ ಹೆಂಗಸಿನ ಒಳ್ಳೆಯತನದ ಮೇಲೆ ಸರ್ಕಾರಿ ಲೈಬ್ರರಿಯೊಂದು ವರ್ಷಗಟ್ಟಲೆ ನಡೆಯಿತು. ಇನ್ನು ಹಾಗೆ ನಡೆಯಬಾರದು.

ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಫೋಟೊ ಅಕ್ಕನ ಮೇಜಿನ ಹಿಂದೆ ಇತ್ತು, ನೀವು ನೋಡಿರುತ್ತೀರಿ. ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲೇ ಇದ್ದು, 1972ರಲ್ಲಿ ಅಲ್ಲೇ ತೀರಿಕೊಂಡವರು. 1931ರಲ್ಲಿ ಅವರು ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಕೆಗೆ. ಪಕ್ಕದ ಕೇರಳದಲ್ಲಿ ಪಿ.ಎನ್. ಪಣಿಕ್ಕರ್ ಎಂಬ ಶಿಕ್ಷಕರಿದ್ದರು. 1945ರಲ್ಲಿ 47 ಲೈಬ್ರರಿಗಳನ್ನು ಸೇರಿಸಿ ಸಂಘ ಕಟ್ಟಿದರು, ಆಮೇಲೆ ಅದು ಸಾವಿರಾರು ಹಳ್ಳಿಗಳಿಗೆ ಹರಡಿತು. ಅವರು 1995ರ ಜೂನ್ 19ರಂದು ತೀರಿಕೊಂಡರು. ಕೇರಳದ ಶಾಲೆಗಳಲ್ಲಿ ಆ ದಿನವನ್ನು ವಾಚನ ದಿನ ಅಂತ ಆಚರಿಸುತ್ತಾರೆ, ಮಕ್ಕಳು ಪುಸ್ತಕ ಹಿಡಿದು ಓದುತ್ತಾರೆ. ಓದಿಸಿದವರನ್ನು ನೆನೆಯುವ ರೀತಿ ಅದು. ನಮ್ಮಲ್ಲೂ ಅಕ್ಕನ ದಿನ ಬೆಳಿಗ್ಗೆಯಿಂದ ರಾತ್ರಿಯವರೆಗೆ ಲೈಬ್ರರಿ ತೆರೆದಿಟ್ಟು, ಹೊಸ ಮಕ್ಕಳಿಗೆ ಡಿಪಾಸಿಟ್ ನೀವೇ ಕಟ್ಟಿ ಕಾರ್ಡ್ ಮಾಡಿಸಿಕೊಡಬಹುದು.

ಹಾಗಾಗಿ ಸಾಮಾನ್ಯ ಸಭೆಯಲ್ಲಿ ಪ್ರತಿಮೆಯ ವಿಷಯವನ್ನು ಸದ್ಯ ಮುಂದಕ್ಕೆ ಹಾಕಿ. ಅದರ ಬದಲು, ಕಾಯಂ ಗ್ರಂಥಪಾಲಕರು ಬೇಕೆಂದು ಇಲಾಖೆಗೆ ಬರೆಯುವ ಠರಾವು ಮಾಡಿ. ಅವರು ಬರುವವರೆಗೆ ಸಂಜೆ ನಾಲ್ಕರಿಂದ ಎಂಟು ಬಾಗಿಲು ತೆಗೆಯಲು ಒಬ್ಬರನ್ನು ಇಲಾಖೆಯ ಒಪ್ಪಿಗೆ ಪಡೆದು, ಕೈತುಂಬ ಸಂಬಳ ಕೊಟ್ಟು ಇಟ್ಟುಕೊಳ್ಳಿ. ಪುಕ್ಕಟೆ ದುಡಿಸಬೇಡಿ. ಶೌಚಾಲಯಕ್ಕೆ ನೀರಿನ ಸಂಪರ್ಕ ಕೊಡಿಸಿ, ಒಳಗಿನ ರದ್ದಿ ತೆಗೆಸಿ. ಕರದ ಲೆಕ್ಕ ಬೋರ್ಡಿಗೆ ಹಾಕಿ. ಇದಿಷ್ಟು ಆದ ಮೇಲೆ ಸರ್ಕಲ್ಲಿಗೆ ಅಕ್ಕನ ಹೆಸರಿಟ್ಟರೆ ಮೊದಲ ಹಾರ ಹಾಕಲು ನಾವೇ ಬರುತ್ತೇವೆ.

ಅಲ್ಲಿಯವರೆಗೆ ಭಾನುವಾರಗಳಲ್ಲಿ ಕೂರಲು ಹಳೆಯ ಓದುಗರಾದ ನಾವು ಕೆಲವರು ಹೆಸರು ಕೊಟ್ಟಿದ್ದೇವೆ. ಪಟ್ಟಿಯನ್ನು ಮುಖ್ಯಾಧಿಕಾರಿಗಳ ಕಚೇರಿಗೆ ತಲುಪಿಸಿದ್ದೇನೆ. ಬೈಂಡಿಂಗ್ ಕೆಲಸ ಗೊತ್ತಿರುವ ಇಬ್ಬರು ಅದರಲ್ಲಿದ್ದಾರೆ. ಸಾಮಾನ್ಯ ಸಭೆಯ ದಿನ ನಾವು ಕಚೇರಿಯ ಹೊರಗೆ ಇರುತ್ತೇವೆ, ಕರೆದರೆ ಒಳಗೆ ಬಂದು ಮಾತಾಡುತ್ತೇವೆ.

ಇಂತಿ,
ಕಿಟಕಿ ಪಕ್ಕದ ಮೇಜಿನಲ್ಲಿ ಓದಿದ ಒಬ್ಬಳು